ಮಲೆನಾಡಿನ ಹಿತ್ತಲಿಗೆ 8×42 ಬೈನಾಕ್ಯುಲರ್: ಮೂರೂ ಕಾಲದ ಬಳಕೆಯ ನಂತರ

ಬೈನಾಕ್ಯುಲರ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದರಲ್ಲಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿತ್ತಲು, ಅದಕ್ಕೆ ಹೊಂದಿದ ಅಡಿಕೆ ತೋಟ, ಅದರಾಚೆಯ ಸೊಪ್ಪಿನ ಬೆಟ್ಟ ಇಷ್ಟರೊಳಗೇ ಮಧ್ಯಮ ದರ್ಜೆಯ 8×42 ಬೈನಾಕ್ಯುಲರನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಬಳಸಿ ನೋಡಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಮಲೆನಾಡಿನವರು ಮೊದಲು ವಿಚಾರಿಸಬೇಕಾದದ್ದು ಬೆಳಕು ಮತ್ತು ತೇವದ ವಿಷಯವನ್ನು.

8 ಎಂಬುದು ಹಿಗ್ಗಿಸುವ ಪ್ರಮಾಣ, 42 ಎಂಬುದು ಮುಂದಿನ ಮಸೂರದ ಮಿಲಿಮೀಟರ್ ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಳತೆ ಸಿಗುತ್ತದೆ. ಇಲ್ಲಿ ಅದು 5.25 ಮಿಲಿಮೀಟರ್. ಜೇಬಿನಲ್ಲಿ ಹಿಡಿಸುವ 8×25ರಲ್ಲಿ ಇದು 3 ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಬಯಲಿನ ಬಿಸಿಲಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ನೆರಳಿನಲ್ಲಿ ಪಾಪೆ ಹಿಗ್ಗುವುದರಿಂದ ತೋಟದೊಳಗೆ ಅದು ಎದ್ದು ಕಾಣುತ್ತದೆ. ಚಳಿಗಾಲಕ್ಕೆ ಬಂದು ತೋಟದ ತರಗೆಲೆಯ ಮೇಲೆ ಓಡಾಡುವ ಕಾಡು ಸಿಪಿಲೆ ಎಂಬ ಹಕ್ಕಿ ಇದಕ್ಕೆ ಒಳ್ಳೆಯ ಪರೀಕ್ಷೆ. ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಅಕ್ಕಪಕ್ಕಕ್ಕೆ ತೂಗುತ್ತದೆ. ಎದೆಯ ಮೇಲಿನ ಎರಡು ಕಪ್ಪು ಪಟ್ಟಿಗಳು ಸಂಜೆ ಐದರ ನಂತರವೂ ಈ ಬೈನಾಕ್ಯುಲರಿನಲ್ಲಿ ಬೇರೆ ಬೇರೆಯಾಗಿ ಕಂಡವು. ಸಣ್ಣದರಲ್ಲಿ ಒಂದು ಮಸುಕು ಕಲೆಯಷ್ಟೇ ಕಂಡಿತು.

10 ಪಟ್ಟಿನದನ್ನೂ ಎರವಲು ತಂದು ಹೋಲಿಸಿದ್ದೇನೆ. ಕೈ ನಡುಕ ಅದರಲ್ಲಿ ಹೆಚ್ಚಾಗಿ ಕಾಣುತ್ತದೆ, ನೋಟದ ಹರವೂ ಕಿರಿದು. ಹಸಿರೆಲೆಯ ನಡುವೆ ಹಸಿರಾಗಿಯೇ ಕೂತು ಬೆಟ್ಟವೆಲ್ಲ ಕೇಳುವಂತೆ ಕೂಗುವ ಕುಟ್ರುಹಕ್ಕಿಯನ್ನು ಹುಡುಕುವಾಗ ಹರವು ಎಷ್ಟು ಮುಖ್ಯವೆಂಬುದು ಅರಿವಾಗುತ್ತದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳನ್ನೋ, ಗುಡವಿಯ ಕೆರೆಯ ಹಕ್ಕಿಗಳನ್ನೋ ದಡದಿಂದ ನೋಡುವುದೇ ಮುಖ್ಯವೆನ್ನುವವರಿಗೆ ಮಾತ್ರ 10 ಪಟ್ಟಿನದು ಸರಿಯಾದೀತು.

ನಿಜವಾದ ಪರೀಕ್ಷೆ ನಡೆಯುವುದು ಮಳೆಗಾಲದಲ್ಲಿ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆ ಇರುವ ತಾಲ್ಲೂಕು ನಮ್ಮದು. ಆರಿದ್ರಾ ಮಳೆ ಹಿಡಿದ ಮೇಲೆ ಗೋಡೆಗೂ ಚರ್ಮದ ಚಪ್ಪಲಿಗೂ ಬೂಷ್ಟು ಬರುವಂತೆ ಮಸೂರಕ್ಕೂ ಬರುತ್ತದೆ, ಮತ್ತು ಅದು ಗಾಜಿನ ಮೇಲಿನ ಲೇಪವನ್ನು ತಿಂದುಬಿಟ್ಟರೆ ಒರೆಸಿ ಸರಿಪಡಿಸುವುದು ಸಾಧ್ಯವಿಲ್ಲ. ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ ಮಾದರಿಯಾದ್ದರಿಂದ ಇದರ ಒಳಮಸೂರಗಳು ಪುಷ್ಯ, ಆಶ್ಲೇಷಾ ಮಳೆಗಳಲ್ಲೂ ಮಂಜಾಗಲಿಲ್ಲ. ಕಣ್ಣಿಡುವ ಕಡೆ ಉಸಿರು ತಾಗಿ ಹೊರಗಾಜು ಮಂಜಾಗುವುದನ್ನು ಯಾವ ತಯಾರಕರೂ ತಡೆಯಲಾರರು. ಜೊತೆಗೆ ಕೊಟ್ಟ ಬಟ್ಟೆಯ ಚೀಲ ಮಾತ್ರ ನಮ್ಮ ಊರಿಗೆ ಏನೂ ಪ್ರಯೋಜನವಿಲ್ಲದ್ದು. ತೇವ ಹೀರಿಕೊಂಡು ಅದೇ ಬೂಷ್ಟಿನ ತವರಾಗುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ನೀಲಿ ಹರಳು ಗುಲಾಬಿಗೆ ತಿರುಗಿದಾಗ ಅದನ್ನು ಬಿಸಿಮಾಡಿ ಒಣಗಿಸಿಕೊಳ್ಳುವುದೇ ಉಪಾಯ. ಬೆಚ್ಚಗಿರಲೆಂದು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಬಾರದು, ಹೊಗೆಯ ಜಿಡ್ಡು ಗಾಜಿಗೆ ಹಿಡಿಯುತ್ತದೆ.

ಇಷ್ಟು ಜೋಪಾನ ಮಾಡಿದ್ದಕ್ಕೆ ಸಿಕ್ಕ ಫಲವೂ ದೊಡ್ಡದೇ. ನಸುಕಿನಲ್ಲಿ ಹಳ್ಳದ ಬದಿಯಿಂದ ಮನುಷ್ಯರ ಸಿಳ್ಳೆಯಂತೆ ಹಾಡುವ ಮಲಬಾರ್ ವಿಸ್ಲಿಂಗ್ ಥ್ರಷ್ ಬರಿಗಣ್ಣಿಗೆ ಕರಿಯ ಹಕ್ಕಿ; ಅದರ ಹಣೆಯ ಮತ್ತು ಹೆಗಲಿನ ಹೊಳೆವ ನೀಲಿ ನನಗೆ ಜಡಿಮಳೆಯ ಮಬ್ಬಿನಲ್ಲೂ ಸ್ಪಷ್ಟವಾಗಿ ಕಂಡಿತು.

ಹಿತ್ತಲಿನ ಮಟ್ಟಿಗೆ ಇನ್ನೊಂದು ಗುಣ ಬಹಳ ಮುಖ್ಯ. ಎರಡು ಮೀಟರಿನಷ್ಟು ಹತ್ತಿರದ ವಸ್ತುವಿಗೂ ಇದು ಫೋಕಸ್ ಆಗುವುದರಿಂದ ಹಕ್ಕಿಗಳಾಚೆಗಿನ ಜೀವಿಗಳನ್ನೂ ನೋಡಬಹುದು. ಕೇಪಳದ ಹೂವಿಗೆ ಬರುವ ಸದರ್ನ್ ಬರ್ಡ್‌ವಿಂಗ್, ಅಂದರೆ ನಮ್ಮ ರಾಜ್ಯದ ಚಿಟ್ಟೆ, ಮಕರಂದ ಹೀರುವಾಗಲೂ ಮುಂದಿನ ರೆಕ್ಕೆಗಳನ್ನು ಬಡಿಯುತ್ತಲೇ ಇರುವುದನ್ನು ಜಗಲಿಯಲ್ಲಿ ಕೂತೇ ಗಮನಿಸಿದೆ. ಬೇಸಿಗೆಯ ಬೆಳಗಿನಲ್ಲಿ ಅಡಿಕೆ ಮರದ ಬೂದು ಕಾಂಡಕ್ಕೆ ಅಂಟಿಕೊಂಡ ಹಾರುವ ಓತಿ, ಗಂಟಲಿನ ಹಳದಿ ಚೀಲವನ್ನು ಒಮ್ಮೆ ಚಾಚದಿದ್ದರೆ ಮರದ ತೊಗಟೆಯೇ ಅನ್ನಿಸುತ್ತದೆ. ಇರುವೆಗಳನ್ನು ಒಂದೊಂದಾಗಿ ಹೆಕ್ಕಿ, ಆಮೇಲೆ ಪಕ್ಕೆಲುಬುಗಳನ್ನು ಅಗಲಿಸಿ ಚರ್ಮದ ರೆಕ್ಕೆ ಬಿಚ್ಚಿ ಮುಂದಿನ ಮರಕ್ಕೆ ತೇಲಿಹೋಗುವ ಅದರ ಇಡೀ ದಿನಚರಿಯನ್ನು ಅದಕ್ಕೆ ತೊಂದರೆ ಕೊಡದೆ ನೋಡಬಹುದಾದ ಒಂದೇ ಕಾರಣಕ್ಕೆ ಕೊಟ್ಟ ಹಣ ಸಾರ್ಥಕವೆಂದು ನಾನು ಭಾವಿಸುತ್ತೇನೆ.

ಕೊರತೆಗಳೂ ಇವೆ. ಕೊರಳಪಟ್ಟಿ ತೀರಾ ತೆಳ್ಳಗಿದ್ದು, ಅರ್ಧ ಗಂಟೆಯಲ್ಲಿ ಕುತ್ತಿಗೆ ನೋಯತೊಡಗುತ್ತದೆ; ಅಗಲವಾದ ಪಟ್ಟಿಯನ್ನು ಬೇರೆಯೇ ಕೊಳ್ಳಬೇಕಾಯಿತು. ಫೋಕಸ್ ಚಕ್ರ ಚಳಿಗಾಲದ ಬೆಳಿಗ್ಗೆ ಬಿಗಿಯಾಗಿ ತಿರುಗುವುದರಿಂದ ಚುರುಕಾಗಿ ಜಾಗ ಬದಲಿಸುವ ಸೂರಕ್ಕಿಯಂಥವು ತಪ್ಪಿಹೋಗುತ್ತವೆ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಕೆಳಗಿಳಿಸಿ, ಪೂರ್ತಿ ವೃತ್ತ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಅವಕಾಶವಿದೆಯೇ, ವಾಟರ್‌ಪ್ರೂಫ್ ಎಂದು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಬರೆದಿದೆಯೇ ಎಂಬೆರಡನ್ನೂ ಖಾತ್ರಿಪಡಿಸಿಕೊಂಡು, ಸಾಧ್ಯವಾದಷ್ಟೂ ಮಳೆ ಹಿಡಿಯುವ ಮೊದಲೇ ತರಿಸಿಕೊಳ್ಳುವುದು ಒಳ್ಳೆಯದು.