ಪ್ಲಾಸ್ಟಿಕ್, ಲೋಹ, ರೆಸಿನ್: ಮೊದಲ ಸೈನ್ಯಕ್ಕೆ ಯಾವುದು?

ಭಾಗಗಳನ್ನು ಕೂಡಿಸಿ ಬಣ್ಣ ಹಚ್ಚುವ ಪುಟ್ಟ ಸೈನಿಕ ಬೊಂಬೆಗಳ ಮಾತು ಇದು. ಅವನ್ನಿಟ್ಟು ಟೇಬಲ್ ಮೇಲೆ ಯುದ್ಧದಾಟ ಆಡೋದೇ ಮುಖ್ಯ ಅಂದರೆ ಪ್ಲಾಸ್ಟಿಕ್ ತಗೊಳ್ಳಿ. ಪಾಲಿಸ್ಟೈರೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಬೊಂಬೆಗಳಿಗೆ ಹಾಕುವ ಪ್ಲಾಸ್ಟಿಕ್ ಸಿಮೆಂಟ್ ಬರೀ ಅಂಟಲ್ಲ, ಎರಡೂ ಭಾಗಗಳನ್ನು ಸ್ವಲ್ಪ ಕರಗಿಸಿ ಬೆಸೆಯುತ್ತದೆ. ಹಾಗಾಗಿ ಕೈಜಾರಿ ಬಿದ್ದರೂ ಕೂಡಿಸಿದ ಜಾಗ ಸುಲಭಕ್ಕೆ ಬಿಡುವುದಿಲ್ಲ. ತಲೆ, ತೋಳು ಬದಲಿಸಿ ನಮ್ಮದೇ ಸೈನಿಕನನ್ನು ಮಾಡುವ ಖುಷಿಯೂ ಇಲ್ಲೇ ಜಾಸ್ತಿ.

ಲೋಹದ ಬೊಂಬೆಯ ಭಾರ ಕೈಗೆ ಹಿತ, ನನಗಂತೂ ತುಂಬಾ ಇಷ್ಟ. ಆದರೆ ಸೂಪರ್ ಗ್ಲೂ ಬೇಕು, ದೊಡ್ಡ ಭಾಗಗಳಿಗೆ ತೂತು ಕೊರೆದು ತಂತಿ ಕೂರಿಸಬೇಕು. ಬಣ್ಣವೂ ಬೇಗ ಚಕ್ಕೆ ಏಳುತ್ತದೆ.

ಗಾಜಿನ ಕಪಾಟಿನಲ್ಲಿಡಲು ಒಂದೇ ಒಂದು ಚಂದದ ಮಾದರಿ ಸಾಕಾ? ಹಾಗಾದರೆ ರೆಸಿನ್, ಅಂದರೆ ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ರಾಳ. ಮುಖದ ಸುಕ್ಕು, ಬಟ್ಟೆಯ ನೆರಿಗೆ ಅಷ್ಟು ಸ್ಪಷ್ಟವಾಗಿ ಬರುತ್ತವೆ! ಅಚ್ಚಿನ ಜಿಡ್ಡು ಹೋಗುವಂತೆ ಸೋಪು ನೀರಲ್ಲಿ ತೊಳೆದೇ ಬಣ್ಣ ಹಚ್ಚಿ. ಮರಳು ಕಾಗದದಿಂದ ಉಜ್ಜುವಾಗ ಮಾಸ್ಕ್ ಹಾಕಲೇಬೇಕು, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.