ಹೇವರ್ಡ್ ಫೀಲ್ಡ್: ಕಾಲೇಜು ಅಥ್ಲೆಟಿಕ್ಸ್ ನೋಡಲು ತಕ್ಕ ಅಂಗಳ

ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿರುವ ಹೇವರ್ಡ್ ಫೀಲ್ಡ್ ಕ್ರೀಡಾಂಗಣವು, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಪುರುಷರ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬೊಬ್ಬ ಕ್ರೀಡಾಪಟುವಿನ ಸಾಧನೆಯನ್ನು ಸಮೀಪದಿಂದ ಕಾಣಬಯಸುವ ಪ್ರೇಕ್ಷಕರಿಗೆಂದೇ ಕಟ್ಟಿದಂತಿದೆ. ಸುಮಾರು 12,650 ಆಸನಗಳು ಓಟದ ಪಥವನ್ನು ಒತ್ತಾಗಿ ಸುತ್ತುವರಿದಿವೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಪರ ಸ್ಪರ್ಧಿಸಿದ ಜರ್ಮನಿಯ ಲಿಯೋ ನಾಯ್‌ಗೆಬಾವರ್ 2024ರ ಜೂನ್‌ನಲ್ಲಿ, ಓಟ, ಜಿಗಿತ, ಎಸೆತಗಳ ಹತ್ತು ಸ್ಪರ್ಧೆಗಳು ಸೇರಿದ ಡೆಕಾಥ್ಲಾನ್‌ನಲ್ಲಿ 8,961 ಅಂಕ ಗಳಿಸಿ ಕಾಲೇಜು ದಾಖಲೆಯನ್ನು ಮುರಿದದ್ದು ಇಲ್ಲಿಯೇ. ಎರಡು ತಿಂಗಳೊಳಗೆ ಅವರು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಈ ಹತ್ತು ಸ್ಪರ್ಧೆಗಳು ಬುಧವಾರ, ಗುರುವಾರ ಹೀಗೆ ಎರಡು ದಿನಗಳಿಗೆ ಹರಡಿರುವುದರಿಂದ, ಹೆಚ್ಚಿನ ಓಟಗಳ ಫೈನಲ್ ನಡೆಯುವ ಶುಕ್ರವಾರಕ್ಕೆ ಮಾತ್ರ ಟಿಕೆಟ್ ಕೊಂಡವರಿಗೆ ಡೆಕಾಥ್ಲಾನ್ ಕೈತಪ್ಪುತ್ತದೆ. ಬುಧವಾರದಿಂದಲೇ ಹೋಗುವುದು ಲೇಸು.

ಭಾರತೀಯರಿಗೆ ಈ ಅಂಗಳ ಇನ್ನಷ್ಟು ಆಪ್ತ. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ತೇಜಸ್ವಿನ್ ಶಂಕರ್ ಎತ್ತರ ಜಿಗಿತದಲ್ಲಿ 2018ರಲ್ಲಿ 2.24 ಮೀಟರ್, 2022ರಲ್ಲಿ 2.27 ಮೀಟರ್ ಜಿಗಿದು ಇಲ್ಲಿ ಎರಡು ಬಾರಿ ಚಾಂಪಿಯನ್ ಆದರು. ಮೊದಲನೆಯದು ಹಳೆಯ ಕ್ರೀಡಾಂಗಣದಲ್ಲಿ, ಎರಡನೆಯದು ಅದನ್ನು ಕೆಡವಿ ಕಟ್ಟಿದ ಹೊಸದರಲ್ಲಿ. ಹಳೆಯ ಮರದ ಗ್ಯಾಲರಿಯ ಸೊಬಗು ಹೊಸ ಕಟ್ಟಡಕ್ಕಿಲ್ಲವೆಂಬ ಹಿರಿಯ ಅಭಿಮಾನಿಗಳ ಕೊರಗು ನನಗೂ ಒಪ್ಪಿಗೆಯೇ.