ಡಿಸೈನ್ ಇಷ್ಟವಾಯಿತು, ಲ್ಯಾಮಿನೇಷನ್ ಅಲ್ಲ

ನಾವು ಕೆಲವರು ಸೇರಿ ಪರಿಸರಸ್ನೇಹಿ ಸೂಪರ್‌ಮಾರ್ಕೆಟ್ ಶುರು ಮಾಡಬೇಕು ಅಂತಿದ್ದೇವೆ. ಅಂಗಡಿಗೆ ಇನ್ನೂ ಗೋಡೆಯೂ ಎದ್ದಿಲ್ಲ. ಆದರೂ ಹಣ ಹಾಕುವವರಿಗೆ, ಸುತ್ತಮುತ್ತಲಿನವರಿಗೆ ಏನಾದರೂ ತೋರಿಸಬೇಕಲ್ವಾ? ಬ್ರೋಷರ್, ಪೋಸ್ಟರ್, ಬ್ಯಾನರ್ ಕೆಲಸವನ್ನು ಒಂದು ಸಣ್ಣ ಡಿಸೈನ್ ಸಂಸ್ಥೆಗೆ ಕೊಟ್ಟೆವು. ಅವರ ಹೆಸರು ಬೇಡ, ಕೆಲಸದ ಬಗ್ಗೆ ಹೇಳುತ್ತೇನೆ.

ಮೊದಲು ಕಳಿಸಿದ ಲೋಗೋ ನೋಡಿ ಬೇಜಾರಾಯಿತು. ಎರಡು ಎಲೆ, ನಡುವೆ ಭೂಗೋಳ, ಮೂಲೆಯಲ್ಲಿ ನೀರಿನ ಹನಿ. ಸಾಲದು ಅಂತ ಮೂರು ಬಾಣಗಳ ಮರುಬಳಕೆ ಚಿಹ್ನೆ ಬೇರೆ. 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಸ್ಪರ್ಧೆಗಾಗಿ ಬರೆದ ಆ ಚಿಹ್ನೆಯನ್ನು ಈಗ ಎಲ್ಲದರ ಮೇಲೂ ಸುಮ್ನೆ ಅಂಟಿಸುತ್ತಾರೆ. ತೆಗೆಯಿರಿ ಅಂದೆವು, ಮಾತಾಡದೆ ತೆಗೆದರು.

ಬ್ರೋಷರಿನ ಒಳಪುಟ ಮಾತ್ರ ಅದ್ಭುತ. ಮನೆಯಿಂದ ತಂದ ಡಬ್ಬಿಗೆ ಸಾಮಾನು ತುಂಬಿಸಿಕೊಳ್ಳುವುದು ಹೇಗೆ ಅಂತ ನಾಲ್ಕೇ ಚಿತ್ರ: ಖಾಲಿ ಡಬ್ಬಿ ತೂಗುವುದು, ತುಂಬುವುದು, ಮತ್ತೆ ತೂಗುವುದು, ಡಬ್ಬಿಯ ತೂಕ ಕಳೆದು ಬಿಲ್ ಮಾಡುವುದು. ತಕ್ಕಡಿಯ ಪರದೆಯ ಅಂಕಿಗಳನ್ನೂ ಸರಿಯಾಗಿ ಲೆಕ್ಕ ಹಾಕಿ ಬರೆದಿದ್ದಾರೆ. ‘ಡಬ್ಬಿಯ ಭಾರಕ್ಕೂ ದುಡ್ಡು ಕೊಡಬೇಕಾ?’ ಎಂಬ ಪ್ರಶ್ನೆಗೆ ಆ ಪುಟ ತೋರಿಸಿದರೆ ಮುಗಿಯಿತು.

ಬರಹದಲ್ಲೂ ಅವರದೇ ಜಾಣತನ. ನಮ್ಮವರೊಬ್ಬರು ‘100% ಪರಿಸರಸ್ನೇಹಿ’ ಅಂತ ದೊಡ್ಡದಾಗಿ ಹಾಕಿ ಎಂದು ಹಟ ಹಿಡಿದಿದ್ದರು. ಬರೆಯುವ ಹುಡುಗಿ ಒಪ್ಪಲಿಲ್ಲ. ಇಂಥ ಅಸ್ಪಷ್ಟ ಮಾತು ಬಳಸಬಾರದು ಅಂತ, ಪರಿಸರದ ಬಗ್ಗೆ ಕಂಪನಿಗಳು ಹೇಳಿಕೊಳ್ಳುವ ಮಾತುಗಳಿಗಿರುವ ಐಎಸ್‌ಒ 14021 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ ಎಂದಳು. ಅದರ ಬದಲು ‘ಪಾತ್ರೆ ತೊಳೆಯುವ ದ್ರವವನ್ನು ನಿಮ್ಮದೇ ಬಾಟಲಿಗೆ ತುಂಬಿಸಿಕೊಳ್ಳಿ’ ಎಂದು ಬರೆದಳು. ಇದರಲ್ಲಿ ಸುಳ್ಳಿಗೆ ಜಾಗವೇ ಇಲ್ಲ. ಅಂಗಡಿಯ ಚಿತ್ರದ ಕೆಳಗೂ ‘ಕಲ್ಪನಾ ಚಿತ್ರ’ ಅಂತ ಎದ್ದು ಕಾಣುವಂತೆ ಹಾಕಿದ್ದಾಳೆ.

ಎಡವಿದ್ದು ಪ್ರಿಂಟಿಂಗ್‌ನಲ್ಲಿ. ಮರುಬಳಕೆಯ ಕಾಗದಕ್ಕೆ ಹೊಳಪು ಲ್ಯಾಮಿನೇಷನ್ ಮಾಡಿಸೋಣ ಅಂದರು. ಅಂದರೆ ಕಾಗದದ ಮೇಲೆ ಪ್ಲಾಸ್ಟಿಕ್ ಹಾಳೆ! ಹಾಗೆ ಅಂಟಿಸಿದ ಕಾಗದವನ್ನು ಮತ್ತೆ ಮರುಬಳಕೆ ಮಾಡುವುದು ಕಷ್ಟ. ಬ್ಯಾನರಿಗೆ ಫ್ಲೆಕ್ಸ್ ಅಂದರು, ಅದೂ ಪಿವಿಸಿ ಎಂಬ ಪ್ಲಾಸ್ಟಿಕ್ಕೇ. ನಾವು ಬಟ್ಟೆ ಮಾಡಿಸಿದೆವು. ಬಣ್ಣದ ಬಗ್ಗೆಯಂತೂ ಮುಂಚೆ ಬಾಯಿಯೇ ಬಿಡಲಿಲ್ಲ. ಕೋಟಿಂಗ್ ಇಲ್ಲದ ಕಾಗದ ಶಾಯಿಯನ್ನು ಹೀರುತ್ತದೆ. ಕಂಪ್ಯೂಟರಿನಲ್ಲಿ ಚಿಗುರಿನಂತಿದ್ದ ಹಸಿರು ಪ್ರೂಫಿನಲ್ಲಿ (ಪ್ರಿಂಟಿಗೆ ಮುಂಚಿನ ಮಾದರಿ ಪ್ರತಿ) ಮಂಕಾಗಿ ಬಂತು. ಫೈಲು ಪರದೆಯ ಬಣ್ಣಗಳಾದ ಆರ್‌ಜಿಬಿಯಲ್ಲೇ ಇತ್ತು, ಪ್ರಿಂಟಿಂಗ್ ಶಾಯಿಯ ಬಣ್ಣಗಳಾದ ಸಿಎಂವೈಕೆಗೆ ಬದಲಿಸಿರಲಿಲ್ಲ. ಅಂಚಿಗೆ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಹೊರಗೆ ಚಾಚಿಸುವ ಬಣ್ಣ) ಕೂಡ ಬಿಟ್ಟಿರಲಿಲ್ಲ. ಪ್ರೆಸ್ಸಿನವರು ವಾಪಸ್ ಕಳಿಸಿದರು, ಇವರು ದುಡ್ಡು ಕೇಳದೆ ಸರಿ ಮಾಡಿಕೊಟ್ಟರು.

ಶೆಲ್ಫಿನ ಲೇಬಲ್ ಕೆಲಸವನ್ನೂ ಇವರಿಗೇ ಕೊಡುತ್ತಿದ್ದೇವೆ. ಚಿತ್ರ, ಬರಹ ಅವರದು. ಕಾಗದ ಆರಿಸುವುದು, ಪ್ರೂಫ್ ನೋಡುವುದು ನಮ್ಮದು.